ಎಂಜಿನ್ ಕಾದ ಮೇಲೆ ಒಂದು ಕಿಕ್

ಪ್ರಶ್ನೆ: ಕಾಕಾ, ನಮಸ್ಕಾರ. ನಮ್ಮ ಅಪ್ಪನ 1982ರ ಬುಲೆಟ್ 350 ಆರು ವರ್ಷ ಮೂಲೆಯಲ್ಲಿ ನಿಂತಿತ್ತು. ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲಾ ಹೊಸದು ಹಾಕಿಸಿದ್ದೇನೆ. ಮನೆ ಮುಂದೆ ಎರಡನೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ಬರುವ ಭಾನುವಾರ ಬೀದರ್‌ಗೆ ಹೋಗಿ ಬರಲಾ?
– ಓದುಗ, ಭಾಲ್ಕಿ

ಉತ್ತರ: ಕಾಕಾ ಅಂತ ಕರೆದಿದ್ದೀಯ, ಅದಕ್ಕೆ ಸಲಿಗೆಯಿಂದಲೇ ಬರೆಯುತ್ತೇನೆ. ಈ ಭಾನುವಾರ ಬೀದರ್ ಬೇಡ, ತಮ್ಮಾ. ಗಾಡಿ ತಣ್ಣಗಿದ್ದಾಗ ಸ್ಟಾರ್ಟ್ ಆದರೆ ಇಗ್ನಿಷನ್, ಅಂದರೆ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ, ಸರಿಯಾಗಿದೆ ಅಂತಲ್ಲ. ಅದು ಎಂಜಿನ್ ಚೆನ್ನಾಗಿ ಕಾದ ಮೇಲೇ ಗೊತ್ತಾಗುವುದು.

ನನಗೆ ಇದು ಗೊತ್ತಾಗಿದ್ದು ಮಹಾಗಾಂವ ಕ್ರಾಸ್ ದಾಟಿದ ಮೇಲೆ. ನನ್ನದೂ ಹಳೆಯ ಬುಲೆಟ್ಟೇ. ಏಪ್ರಿಲ್ ತಿಂಗಳು, ಕಲಬುರಗಿ ಬಿಸಿಲು ಹೇಗಿರುತ್ತದೆ ಅಂತ ನಿನಗೇ ಗೊತ್ತು. ಹುಮನಾಬಾದ್ ರಸ್ತೆಯಲ್ಲಿ ಅಲ್ಲಿವರೆಗೆ ಒಂದು ತಕರಾರಿಲ್ಲದೆ ಓಡಿದ ಗಾಡಿ ಸೈಲೆನ್ಸರ್‌ನಲ್ಲಿ ಪಟಾರ್ ಅಂತ ಸಿಡಿದು ನಿಂತೇಬಿಟ್ಟಿತು. 160 ಕಿಲೋಗೂ ಜಾಸ್ತಿ ಭಾರ, ಬೇವಿನ ನೆರಳಿಗೆ ತಳ್ಳಿದೆ. ಅರ್ಧ ಗಂಟೆ ಬಿಟ್ಟು ಒದ್ದರೆ ಒಂದೇ ಕಿಕ್‌ಗೆ ಸ್ಟಾರ್ಟ್. ನಾಲ್ಕು ಕಿಲೋಮೀಟರ್ ಹೋಗಿ ಮತ್ತೆ ನಿಂತಿತು.

ಆಗ ಪಾಯಿಂಟ್ ಮುಚ್ಚಳ ತೆಗೆದೆ. ಪಾಯಿಂಟ್ ಅಂದರೆ ಬಿಚ್ಚಿಕೊಂಡಾಗ ಪ್ಲಗ್‌ನಲ್ಲಿ ಕಿಡಿ ಹಾರಿಸುವ ಪುಟ್ಟ ಸ್ವಿಚ್. ಕುರಿ ಕಾಯುವ ಹುಡುಗನೊಬ್ಬ ಬಂದು ಬಿಸಿಲಿಗೆ ಟವೆಲ್ ಮರೆ ಹಿಡಿದ. ನಾನು ಬಗ್ಗಿ ನೋಡುತ್ತಾ ಕೈಯಿಂದಲೇ ಕಿಕ್ ಒತ್ತಿದೆ. ಪಾಯಿಂಟ್ ಬಿಚ್ಚಿಕೊಳ್ಳುವಾಗ ನಡುವೆ ದಪ್ಪ ನೀಲಿ ಕಿಡಿ. ಅಂದರೆ ಪಾಯಿಂಟ್‌ನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಹೋಗಿದೆ. ಕಿಡಿಯೆಲ್ಲ ಅಲ್ಲೇ ಖರ್ಚಾದರೆ ಪ್ಲಗ್‌ಗೆ ಉಳಿಯುವುದೇನು? ಅದು ಹಾಕಿಸಿ ಹದಿನೈದು ದಿನವೂ ಆಗಿರದ ಹೊಸ ಕಂಡೆನ್ಸರ್. ಕೆಟ್ಟ ಕಂಡೆನ್ಸರ್ ತಣ್ಣಗಿದ್ದಾಗ ಸುಮ್ನೆ ಇರುತ್ತದೆ, ಕಾದಾಗ ಕೈಕೊಡುತ್ತದೆ.

ಅದಕ್ಕೇ ಗಾಡಿ ಪರೀಕ್ಷೆ ಮಾಡಲು ನೀನು ಮುಂಜಾನೆ ತಂಪಿನಲ್ಲಿ ಹೋಗಬೇಡ, ಮಧ್ಯಾಹ್ನ ಹೊರಡು. ಮೊದಲು ಮನೆಯ ಸುತ್ತಮುತ್ತಲೇ ಓಡಿಸು, ನಿಂತರೆ ತಳ್ಳಿಕೊಂಡು ಬರುವಷ್ಟು ದೂರದಲ್ಲಿ. ಆರು ವರ್ಷದ ಪೆಟ್ರೋಲ್ ಟ್ಯಾಂಕಿನಲ್ಲಿದ್ದರೆ ಪೂರ್ತಿ ತೆಗೆದು ಕಾರ್ಬುರೇಟರ್ ತೊಳೆಸು. ಬ್ರೇಕ್, ಟೈರ್ ನೋಡಿಸು, ಆರ್‌ಸಿ ಮತ್ತು ಇನ್ಶೂರೆನ್ಸ್ ಚಾಲ್ತಿಯಲ್ಲಿವೆಯಾ ನೋಡು. ಹೆಲ್ಮೆಟ್ ಹಾಕಿಕೋ.

ಹೊರಡುವ ಮುಂಚೆ ಪಾಯಿಂಟ್ ಗ್ಯಾಪ್, ಅಂದರೆ ಪಾಯಿಂಟ್ ಪೂರ್ತಿ ಬಿಚ್ಚಿದಾಗಿನ ಸಂದು, ಒಮ್ಮೆ ನೀನೇ ಅಳೆ. 0.35ರಿಂದ 0.40 ಮಿಲಿಮೀಟರ್ ಇರಬೇಕು. ಅಳೆದ ಮೇಲೆ ಒಂದು ಬಿಳಿ ಕಾಗದದ ಚೂರನ್ನು ಪಾಯಿಂಟ್ ನಡುವೆ ಇಟ್ಟು ಎಳೆ. ಕಲೆ ಅಂಟಿದರೆ ಇನ್ನೊಂದು ಚೂರು, ಕಾಗದ ಬೆಳ್ಳಗೆ ಬರುವವರೆಗೆ. ಹೊಸ ಪಾಯಿಂಟ್‌ಗೆ ಎಣ್ಣೆ ಸವರಿರುತ್ತಾರೆ, ಗ್ಯಾಪ್ ಅಳೆಯುವ ಫೀಲರ್ ಗೇಜ್‌ನಲ್ಲೂ ಎಣ್ಣೆ ಇರುತ್ತದೆ. ಅಷ್ಟು ತೆಳು ಎಣ್ಣೆಯೂ ಗಾಡಿಯನ್ನು ಸತಾಯಿಸುತ್ತದೆ.

ಕಿಕ್ ಹೊಡೆಯುವಾಗ ಹೆಡ್‌ಲೈಟ್ ಮೇಲಿನ ಆ್ಯಂಪಿಯರ್ ಮೀಟರ್ ನೋಡು. ಕಿಕ್ ಗಟ್ಟಿಯಾದ ಜಾಗದಲ್ಲಿ ಡಿಕಂಪ್ರೆಸರ್ (ಎಂಜಿನ್ ಒಳಗಿನ ಒತ್ತಡ ಬಿಡುವ ಲಿವರ್) ಹಿಡಿದು, ಮುಳ್ಳು ನಡುವೆ ಬರುವವರೆಗೆ ಮೆಲ್ಲಗೆ ಒತ್ತು. ಡಿಕಂಪ್ರೆಸರ್ ಬಿಡು, ಕಿಕ್ ಮೇಲೆ ಬರಲಿ, ಆಮೇಲೆ ಪೂರ್ತಿ ಒದೆ. ಇಷ್ಟು ಮಾಡಿಯೂ ಕಿಕ್ ತಿರುಗಿ ಕಾಲಿಗೆ ಬಡಿದರೆ ಟೈಮಿಂಗ್ ಮುಂದಿದೆ, ಅಂದರೆ ಕಿಡಿ ಬೇಗ ಹಾರುತ್ತಿದೆ. ನಿನ್ನ ಮೆಕ್ಯಾನಿಕ್ ಪಿಸ್ಟನ್ ಮೇಲಕ್ಕೆ ಮುಟ್ಟಲು 0.8 ಮಿಲಿಮೀಟರ್ ಇರುವಾಗ ಪಾಯಿಂಟ್ ಬಿಚ್ಚುವ ಹಾಗೆ ಇಟ್ಟಿದ್ದಾರಾ ಕೇಳು.

ಹತ್ತು ಹದಿನೈದು ಕಿಲೋಮೀಟರ್ ನಿಲ್ಲಿಸದೆ ಓಡಿಸು. ಒಂದು ಏರು ಹುಡುಕಿ ಮೂರನೇ ಗೇರಿನಲ್ಲಿ ಹತ್ತಿಸು. ಎಂಜಿನ್‌ನಲ್ಲಿ ಟಕಟಕ ಸದ್ದು ಬಂದರೆ ಟೈಮಿಂಗ್ ಮುಂದಿದೆ ಅಂತ. ಎಳೆತವೇ ಇಲ್ಲದೆ ಸೈಲೆನ್ಸರ್ ಬೆಂಡ್ ನೀಲಿಯಾದರೆ ಹಿಂದಿರಬಹುದು. ವಾಪಸ್ ಬಂದು ಆಫ್ ಮಾಡು. ಹತ್ತು ನಿಮಿಷ ಬಿಡು. ಒಂದು ಲೋಟ ಚಹಾ ಕುಡಿ. ಈಗ ಒದೆ. ನಿನಗೆ ಬೇಕಾಗಿರುವುದು ಈ ಕಿಕ್ಕೇ. ಬೇರೆ ಬೇರೆ ದಿನ ಮೂರು ಸಲ ಹೀಗೆ ಕಾದ ಗಾಡಿ ಒಂದೆರಡು ಕಿಕ್‌ಗೆ ಎದ್ದರೆ, ಬೀದರ್‌ಗೆ ಧಾರಾಳವಾಗಿ ಹೋಗು. ಅಪ್ಪನನ್ನೂ ಹಿಂದೆ ಕೂರಿಸಿಕೋ.

ಅಂದಹಾಗೆ, ಹಳೆಯ ಕಂಡೆನ್ಸರ್ ಎಸೆದಿಲ್ಲ ಅಲ್ವಾ? ಅದನ್ನು ಟೂಲ್ ಬಾಕ್ಸಿನಲ್ಲಿ ಇಟ್ಟುಕೋ. ಅವತ್ತು ಮಹಾಗಾಂವದಿಂದ ನನ್ನನ್ನು ಮನೆ ಮುಟ್ಟಿಸಿದ್ದು ಹಳೆಯ ಕಂಡೆನ್ಸರೇ.