ಅಕ್ಕನ ಹೆಸರಿಗೆ ಒಪ್ಪುವ ತಮ್ಮನ ಹೆಸರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳು ಮೇಘನಾ, ಈಗ ನಾಲ್ಕು ವರ್ಷ. ಎರಡನೆಯದು ಗಂಡು ಮಗು. ಇಬ್ಬರ ಹೆಸರೂ ‘ಮ’ದಿಂದಲೇ ಶುರುವಾಗಲಿ ಎಂದು ನಮ್ಮ ಯಜಮಾನರ ಆಸೆ. ಮೇಘರಾಜ್, ಮೋಹಿತ್, ಮಯೂರ್ ಅವರ ಪಟ್ಟಿಯಲ್ಲಿವೆ. ನನಗೆ ಚೇತನ್ ಇಷ್ಟ. ಯಾವುದು ಹೊಂದುತ್ತದೆ?

ಉತ್ತರ: ಮೇಘರಾಜ್ ಮೊದಲು ಬಿಡಿ. ಆರಂಭದ ಎರಡು ಅಕ್ಷರ ಒಂದೇ ಆದರೆ, ಮೊಟಕಾಗಿಸಿ ಕರೆಯುವಾಗ ಇಬ್ಬರೂ ‘ಮೇಘು’ ಆಗುತ್ತಾರೆ. ಆಗ ಒಬ್ಬರಿಗೆ ಬೇರೆ ಅಡ್ಡಹೆಸರು ಹುಡುಕಬೇಕು. ಅಲ್ಲಿಗೆ ಜೋಡಿಯ ಉದ್ದೇಶವೇ ಹೋಯಿತು.

ಚೇತನ್ ಕಾಗದದ ಮೇಲೆ ಮೇಘನಾಗಿಂತ ಬೇರೆಯಾಗಿಯೇ ಕಾಣುತ್ತದೆ, ಆದರೆ ಕಿವಿಗೆ ಹಾಗಲ್ಲ. ಒಳಗಿನ ಕೋಣೆಯಿಂದ ಕೂಗಿದಾಗ ವ್ಯಂಜನಗಳು ಗೋಡೆ ದಾಟುವಷ್ಟರಲ್ಲಿ ಮಸುಕಾಗುತ್ತವೆ, ಉಳಿಯುವುದು ಸ್ವರಗಳು. ಮೇಘನಾ ಎಂದರೆ ಏ-ಅ-ಆ. ಚೇತನ್ ಎಂದು ಬರೆದರೂ ಕೂಗುವಾಗ ‘ಚೇತನಾ’ ಎಂದೇ ಎಳೆಯುತ್ತೇವೆ, ಅದೂ ಏ-ಅ-ಆ. ಒಬ್ಬರನ್ನು ಕರೆದರೆ ಇಬ್ಬರೂ ‘ಏನಮ್ಮಾ?’ ಎನ್ನುತ್ತಾರೆ. ಹಾಗಾಗಿ ಮೊದಲಕ್ಷರ ಒಂದೇ ಆದರೂ ಅಡ್ಡಿಯಿಲ್ಲ, ಅದರ ಸ್ವರ ಮಾತ್ರ ಬೇರೆ ಇರಲಿ. ಮೇ–ಮೋ, ಮೇ–ಮ ಪರವಾಗಿಲ್ಲ. ಮೇ–ಚೇ ಕಷ್ಟ.

ಆ ಲೆಕ್ಕದಲ್ಲಿ ಮೋಹಿತ್, ಮಯೂರ್ ಎರಡೂ ನಿಲ್ಲುತ್ತವೆ. ನನ್ನ ಆಯ್ಕೆ ಮಯೂರ್. ಮೋಡ ಕಂಡರೆ ನವಿಲು ಕುಣಿಯುತ್ತದೆ ಎಂಬುದು ನಮ್ಮ ಕಾವ್ಯದ ಹಳೆಯ ನಂಟು. ಅಕ್ಷರದ ಜೊತೆಗೆ ಅರ್ಥವೂ ಕೂಡಿಬರುತ್ತದೆ. ನಾಲ್ಕು ವರ್ಷದ ಮಗಳಿಗೂ ಹೇಳಲು ಸುಲಭ: ಒತ್ತಕ್ಷರವಿಲ್ಲ, ‘ರ’ ಒಂದೇ ತೊಡಕು, ಅದು ‘ಲ’ ಆದರೂ ಹೆಸರು ಕೆಡುವುದಿಲ್ಲ. ಇದನ್ನು ಹಗುರವಾಗಿ ನೋಡಬೇಡಿ. ಅಕ್ಕ ತೊದಲಿದ್ದೇ ತಮ್ಮನ ಮನೆಹೆಸರಾಗಿ ನಿಂತುಬಿಡುವುದು ಬಹಳ.

ಮುಗಿಸುವ ಮೊದಲು ಹೆಸರಿಗೆ ವಿಭಕ್ತಿ ಹಚ್ಚಿ ನೋಡಿ. ‘ಮೇಘನಾ, ಮಯೂರನ್ನ ಎಬ್ಬಿಸು’, ‘ಮಯೂರನ ಟೋಪಿ ಎಲ್ಲಿ?’, ‘ಮಯೂರನಿಗೆ ನೀರು ಕೊಡು’ ಎಂದು ಜೋರಾಗಿಯೇ ಹೇಳಿ. ರ್, ನ್, ಲ್, ಸ್ ಕೊನೆಗಿದ್ದರೆ ಹೆಸರು ಅಕಾರಾಂತವಾಗಿ ಸಲೀಸಾಗಿ ತಿರುಗುತ್ತದೆ. ಋತ್ವಿಕ್ ಥರದ್ದಾದರೆ ‘ಋತ್ವಿಕ್‌ನ’, ‘ಋತ್ವಿಕ್‌ಗೆ’ ಎನ್ನುವಲ್ಲಿ ನಾಲಿಗೆ ಒಂದು ಕ್ಷಣ ತಡೆಯುತ್ತದೆ. ದಿನಕ್ಕೆ ಹತ್ತಾರು ಸಲ ಬರುವ ತಡೆ ಅದು.

ಒಂದೇ ಮೊದಲಕ್ಷರದ ಇನ್ನೊಂದು ಪರಿಣಾಮ: ಇಬ್ಬರ ಇನಿಷಿಯಲ್, ತಂದೆಯ ಹೆಸರು, ವಿಳಾಸ ಹೇಗೂ ಒಂದೇ. ಇಂಗ್ಲಿಷಿನಲ್ಲಿ ಮೊಟಕಾಗಿ ಬರೆದರೆ ಇಬ್ಬರೂ ‘ಎಂ’ ಆಗುತ್ತಾರೆ. ಅರ್ಜಿ, ಖಾತೆ, ಪಾರ್ಸೆಲ್ ಎಲ್ಲದರಲ್ಲೂ ಪೂರ್ತಿ ಹೆಸರು ಬರೆಯುವ ರೂಢಿ ಇಟ್ಟುಕೊಳ್ಳಿ.

ಪ್ರಶ್ನೆ: ಮಗಳ ಹೆಸರು ಸರಿತಾ. ಮಗನಿಗೆ ಸಾಗರ್ ಎಂದಿಟ್ಟರೆ ನದಿ–ಸಮುದ್ರ ಚೆಂದದ ಜೋಡಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಇಡಬಹುದೇ?

ಉತ್ತರ: ದಯವಿಟ್ಟು ಬೇಡ. ಸಮುದ್ರಕ್ಕೆ ‘ಸರಿತ್ಪತಿ’, ‘ನದೀಪತಿ’ ಎಂಬ ಹೆಸರುಗಳಿವೆ. ಕಾವ್ಯದಲ್ಲಿ ನದಿ ಸಮುದ್ರದ ಹೆಂಡತಿ. ಅರ್ಥ ನೋಡಿ ಜೋಡಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಪಕ್ಕಪಕ್ಕ ಸಹಜವಾಗಿ ನೆನಪಾಗುವ ಎರಡು ಹೆಸರು ಬಹುಪಾಲು ಗಂಡ-ಹೆಂಡಿರದ್ದೇ ಆಗಿರುತ್ತದೆ.

ಸೀತಾ–ರಾಮ, ರಾಧಾ–ಕೃಷ್ಣ ಯಾರ ಕಣ್ಣಿಗೂ ಬೀಳುತ್ತವೆ. ತಪ್ಪಿಹೋಗುವುದು ಒಳಗೊಳಗಿರುವ ಜೋಡಿಗಳು. ಉತ್ತರಾ–ಅಭಿಮನ್ಯು, ಉಷಾ–ಅನಿರುದ್ಧ, ಸುಭದ್ರಾ–ಅರ್ಜುನ್, ರೇವತಿ–ಬಲರಾಮ, ಛಾಯಾ–ಸೂರ್ಯ, ಅಹಲ್ಯಾ–ಗೌತಮ್, ಊರ್ಮಿಳಾ–ಲಕ್ಷ್ಮಣ, ಎಲ್ಲವೂ ದಂಪತಿಗಳೇ. ನಕ್ಷತ್ರದ ಹೆಸರಿನ ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 27 ನಕ್ಷತ್ರಗಳೂ ಚಂದ್ರನ ಮಡದಿಯರು ಎಂಬುದು ಪುರಾಣ. ರೋಹಿಣಿಗೆ ಮಾತ್ರವಲ್ಲ, ಸ್ವಾತಿ, ಚಿತ್ರಾ, ಅನುರಾಧಾ, ಅಶ್ವಿನಿ ಯಾರಿಗೇ ಆಗಲಿ ಶಶಾಂಕ್, ಸುಧಾಂಶು, ಹಿಮಾಂಶು ಎಂಬ ತಮ್ಮ ಸರಿಹೋಗುವುದಿಲ್ಲ. ಮೂರೂ ಚಂದ್ರನ ಹೆಸರೇ. ಹೂವಿನಲ್ಲೂ ಹೀಗೆಯೇ: ನಳಿನಿ, ಪದ್ಮಿನಿಯರ ನಲ್ಲ ಸೂರ್ಯ, ಕುಮುದಿನಿಯ ನಲ್ಲ ಚಂದ್ರ. ನಿಶಾ ಎಂಬ ಅಕ್ಕನಿಗೆ ನಿಶಾಂತ್ ಎಂಬ ತಮ್ಮ ಬೇರೆಯೇ ತೊಂದರೆ. ನಿಶಾಂತ ಎಂದರೆ ನಿಶೆಯ ಅಂತ್ಯ. ಬೆಳಗು ಎಂಬ ಅರ್ಥ ಚೆಂದವೇ, ಆದರೆ ಅದು ಅಕ್ಕನ ಹೆಸರು ಮುಗಿದ ಮೇಲೆ ಬರುವ ಬೆಳಗು.

ನಿಜವಾದ ಒಡಹುಟ್ಟಿದವರ ಜೋಡಿಗಳೂ ಇವೆ, ಜನ ಅವನ್ನು ಮರೆಯುತ್ತಾರೆ. ಯಮ–ಯಮುನಾ ಅಣ್ಣತಂಗಿ. ಬ್ರಾಹ್ಮಿ ಎಂಬ ಮಗಳಿಗೆ ಭರತ್ ಬಲು ಒಪ್ಪುತ್ತದೆ, ಇಬ್ಬರೂ ಜೈನರ ಮೊದಲ ತೀರ್ಥಂಕರ ಆದಿನಾಥನ ಮಕ್ಕಳು. ಇತಿಹಾಸದಲ್ಲಿ ಸಂಘಮಿತ್ರಾ–ಮಹೇಂದ್ರ ಅಶೋಕನ ಮಕ್ಕಳು, ರಾಜ್ಯಶ್ರೀ ಹರ್ಷವರ್ಧನನ ತಂಗಿ.

ನಿಮ್ಮ ಸರಿತಾಗೆ ತುಷಾರ್ ನೋಡಿ. ತುಷಾರ ಎಂದರೆ ಹಿಮ. ಕರಗಿ ಹೊಳೆಯಾಗುವುದು ಅದೇ. ನೀರಿನಲ್ಲಿ ಹುಟ್ಟಿದವನು ಎಂಬ ಅರ್ಥದ ನೀರಜ್ ಕೂಡ ಒಳ್ಳೆಯದು. ಎರಡರಲ್ಲೂ ನಂಟು ನೀರಿನದು, ಮದುವೆಯದ್ದಲ್ಲ.

ಪ್ರಶ್ನೆ: ಮಗಳು ಚಂದ್ರಲೇಖಾ. ಮಗನಿಗೆ ಧ್ರುವ ಎಂದರೆ ತೀರಾ ಗಿಡ್ಡವಾಯಿತೇ?

ಉತ್ತರ: ಇಲ್ಲ. ಅವಳನ್ನು ಮನೆಯಲ್ಲಿ ಏನೆಂದು ಕರೆಯುತ್ತೀರೋ ಅದರ ಪಕ್ಕ ಇಟ್ಟು ನೋಡಿ: ಲೇಖಾ–ಧ್ರುವ, ಎರಡೆರಡು ಅಕ್ಷರ. ಉದ್ದಕ್ಕಿಂತ ಕಾಲ ಮುಖ್ಯ. ಚಂದ್ರಲೇಖಾ ಹಳೆಯ ಸಂಸ್ಕೃತ ಸಮಾಸ, ಧ್ರುವ ಪುರಾಣದ ಹೆಸರು; ಇಬ್ಬರೂ ಒಂದೇ ಮನೆಯವರು ಅನಿಸುತ್ತದೆ. ಅವಳ ಪಕ್ಕ ಕಿಯಾನ್ ಇಟ್ಟರೆ ಎರಡು ಮನೆಯ ಮಕ್ಕಳಂತೆ ಕೇಳಿಸುತ್ತದೆ. ಪುಟ್ಟ ಅಕ್ಕನ ಬಾಯಲ್ಲಿ ಧ್ರುವ ಕೆಲವು ಕಾಲ ‘ದುವ್ವ’ ಆಗಬಹುದು, ಅಷ್ಟೆ.

ಪ್ರಶ್ನೆ: ಮಗಳು ಶ್ರುತಿ. ಇಂಗ್ಲಿಷಿನಲ್ಲಿ ‘ತಿ’ಗೆ ಟಿ ಜೊತೆ ಎಚ್ ಸೇರಿಸಿದ್ದೇವೆ. ಮಗ ಅದ್ವೈತ್‌ಗೂ ಎಚ್ ಬೇಕೇ?

ಉತ್ತರ: ಸೇರಿಸಿ. ಟಿ ಒಂದೇ ಇದ್ದರೆ ‘ಟ’, ಎಚ್ ಸೇರಿದರೆ ‘ತ’ ಎಂದು ನೀವು ಮಗಳ ವಿಷಯದಲ್ಲಿ ತೀರ್ಮಾನಿಸಿ ಆಗಿದೆ. ಒಂದೇ ಮನೆಯಲ್ಲಿ ‘ತ’ಕ್ಕೆ ಎರಡು ರೀತಿ ಇದ್ದರೆ ಬರೆದುಕೊಳ್ಳುವವರು ಪ್ರತಿ ಸಲವೂ ಒಂದನ್ನು ತಪ್ಪು ಬರೆಯುತ್ತಾರೆ. ಹಾಗೆಯೇ ‘ವ’ಕ್ಕೆ ವಿ ಅಥವಾ ಡಬ್ಲ್ಯು, ದೀರ್ಘಕ್ಕೆ ಒಂದು ಎ ಅಥವಾ ಎರಡು, ಇವನ್ನೂ ನಿಶ್ಚಯಿಸಿಕೊಳ್ಳಿ. ಅರ್ಥದಲ್ಲಿ ಜೋಡಿ ಸೊಗಸಾಗಿದೆ: ಶ್ರುತಿ ಎಂದರೆ ವೇದ, ಅದ್ವೈತ ಅದರಿಂದಲೇ ಬಂದ ದರ್ಶನ.

ಜನನ ನೋಂದಣಿಗೆ ಹೆಸರು ಕೊಡುವಾಗ ಮಗಳ ಜನನ ಪ್ರಮಾಣಪತ್ರವನ್ನು ಎದುರಿಗೆ ಇಟ್ಟುಕೊಳ್ಳಿ. ತಂದೆ-ತಾಯಿಯ ಹೆಸರಿನ ಕಾಗುಣಿತ, ಇನಿಷಿಯಲ್ ಮುಂದೆಯೋ ಹಿಂದೆಯೋ, ಮನೆತನದ ಹೆಸರು ಇದೆಯೋ ಇಲ್ಲವೋ, ಅಕ್ಷರಕ್ಕೆ ಅಕ್ಷರ ಅದರಂತೆಯೇ ಬರೆಯಿರಿ. ಒಬ್ಬರದ್ದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಬ್ಬರದ್ದರಲ್ಲಿ ಬರೀ ಇನಿಷಿಯಲ್ ಆದರೆ, ಮುಂದೆ ಇಬ್ಬರೂ ಒಡಹುಟ್ಟಿದವರೆಂದು ತೋರಿಸಬೇಕಾದಾಗ ಬೇರೆ ದಾಖಲೆ ಹೊಂದಿಸುವ ಓಡಾಟ ಬೀಳುತ್ತದೆ. ಪ್ರಮಾಣಪತ್ರ ಕೈಗೆ ಬಂದ ಕೂಡಲೇ, ಕೌಂಟರ್ ಬಿಡುವ ಮೊದಲೇ, ಎರಡನ್ನೂ ಪಕ್ಕಪಕ್ಕ ಹಿಡಿದು ಓದಿ.