ಮತ್ತಿ ಹಲಗೆ ಬೇಗ ಒಣಗಲು ಮೊದಲ ದಿನವೇ ಕಿಲ್ನ್ ಶಾಖ ಏರಿಸಬಹುದಾ?

ಎರಡಿಂಚು ದಪ್ಪದ ಹಸಿ ಮತ್ತಿ ಮರ, ಹಲಗೆ ಒಣಗಿಸುವ ಹೊಸ ಬಿಸಿ ಕೋಣೆ (ಕಿಲ್ನ್), ಗಿರಾಕಿಯ ಅವಸರ. ಅದಕ್ಕೇ ಮೊದಲ ದಿನವೇ ಶಾಖ ಏರಿಸಿ ಕಿಂಡಿ ತೆರೆದುಬಿಡ್ಲಾ ಅಂತ ಕೇಳಿದ್ದೀರಿ. ನಾನು ಯಾರನ್ನೂ ಕೇಳದೆ ಅದನ್ನೇ ಮಾಡಿದ್ದೆ.

ಹುಬ್ಬಳ್ಳಿಯಲ್ಲಿ ನಮ್ಮದು ಕಟ್ಟಿಗೆ ಅಡ್ಡೆ. ಮೊದಲೆರಡು ದಿನ ಕಿಂಡಿಯಿಂದ ಹಬೆ ಹೋಗುವುದನ್ನು ನೋಡಿ ಖುಷಿಯೋ ಖುಷಿ. ಆಮೇಲೆ ಹಬೆ ನಿಂತಿತು. ಒಂಬತ್ತನೇ ದಿನ ತೇವ ಅಳೆಯುವ ಮೀಟರ್ ಚುಚ್ಚಿದೆ, 11% ತೋರಿಸಿತು. ಗದಗಿನ ಬಡಿಗೇರರಿಗೆ ಕಳಿಸಿಬಿಟ್ಟೆ.

ಎರಡು ತಿಂಗಳ ಮೇಲೆ, ಏಪ್ರಿಲ್ ಬಿಸಿಲಲ್ಲಿ, ಬಡಿಗೇರರ ಫೋನ್. "ಅಣ್ಣಾರ, ಹಲಗಿ ಬ್ಲೇಡ್ ಹಿಡ್ಕೊಳ್ಳಾಕತ್ತೈತ್ರಿ." ಹೋಗಿ ನೋಡಿದರೆ, ಒಂದೊಂದಿಂಚಿಗೆ ಸೀಳಿದ ಹೋಳುಗಳು ಎರಡು ಬೊಗಸೆ ಎದುರುಬದುರು ಮುಚ್ಚಿದ ಹಾಗೆ ಬಾಗಿದ್ದವು. ಅಡ್ಡ ಕೊಯ್ದಾಗ ಒಳಗೆಲ್ಲ ಸೀಳು. ಹೊರಗೆ ಒಂದು ಗೀರೂ ಇಲ್ಲ!

ನನ್ನ ತಪ್ಪು ಏನು ಗೊತ್ತಾ? ಬಿಸಿಗಿಂತ ಹೆಚ್ಚಾಗಿ ಒಣ ಗಾಳಿ. ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ನಾಳಗಳ ಪೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯಲ್ಲಿ. ಪೊಳ್ಳಿನ ನೀರು ಹೋದರೆ ತೂಕ ಇಳಿಯುತ್ತದೆ ಅಷ್ಟೇ. ತೇವ 30%ರ ಆಸುಪಾಸಿಗೆ ಬಂದ ಮೇಲೆ ಗೋಡೆಯ ನೀರು ಹೊರಡುತ್ತದೆ, ಮರ ಕುಗ್ಗಲು ಶುರು. ನನ್ನ ಹಲಗೆಯ ಹೊರಮೈ ಮಾತ್ರ ಅಲ್ಲಿಗೆ ಬಂದಿತ್ತು. ಅದು ಕುಗ್ಗಬೇಕು ಅನ್ನುತ್ತಿತ್ತು, ಉಬ್ಬಿದ ಒಡಲು ಬಿಡಲಿಲ್ಲ. ಎಳೆದುಕೊಂಡೇ ಗಟ್ಟಿಯಾಯಿತು. ಮುಂದೆ ಒಡಲು ಒಣಗಿ ಕುಗ್ಗುವಾಗ ಹೊರಮೈ ಜಗ್ಗಲಿಲ್ಲ, ಒಳಗೇ ಹರಿಯಿತು. ಮೀಟರಿನ ಪಿನ್ ಹೋಗಿದ್ದು ನಾಲ್ಕೈದು ಮಿಲಿಮೀಟರ್, ಪಾಪ ಅದಕ್ಕೇನು ಗೊತ್ತು?

ಒಣಗಿದ ಮರ ತನ್ನ ಮೂಲಕ ನೀರನ್ನು ಸುಲಭವಾಗಿ ಬಿಡುವುದೂ ಇಲ್ಲ. ನಮ್ಮ ಎರೆ ಹೊಲದಲ್ಲಿ ಎಡೆ ಹೊಡೆಯೋದು ಯಾಕೆ? ಮೇಲೆ ಒಣಮಣ್ಣಿನ ಪದರ ಇದ್ದರೆ ಕೆಳಗಿನ ಹಸಿ ಆರಲ್ಲ ಅಂತ. ರೈತ ಬೇಕಂತಲೇ ಮಾಡೋದನ್ನು ನಾನು ಡೀಸೆಲ್ ಸುಟ್ಟು ಮಾಡಿದ್ದೆ.

ಹಾಗಾಗಿ ಶಾಖ ಎಷ್ಟು ಅನ್ನೋ ಪ್ರಶ್ನೆಯೇ ತಪ್ಪು. ಮೊದಲು ಕಿಲ್ನ್ ಒಳಗೆ ಹಬೆ ಬಿಟ್ಟು, ಕಿಂಡಿ ಮುಚ್ಚಿ, ಹದವಾದ ಬಿಸಿಯಲ್ಲಿ ಒಡಲವರೆಗೂ ಕಾಯಿಸಿ. ಬಿಸಿಯಾದ ಒದ್ದೆ ಮರದಲ್ಲಿ ನೀರು ಚೆನ್ನಾಗಿ ಸಾಗುತ್ತದೆ. ಆಮೇಲೆ ಗಾಳಿಯ ತೇವವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಹಲಗೆಯ ತುದಿಗಳಿಗೆ ಪೇಂಟ್ ಬಳಿಯಿರಿ, ನೀರು ಅಲ್ಲಿಂದಲೇ ಜಾಸ್ತಿ ಓಡೋದು. ಮೀಟರ್ ಒಂದನ್ನೇ ನಂಬಬೇಡಿ. ನಡುವಿನಿಂದ ತುಂಡು ಕೊಯ್ದು ತೂಗಿ, ಓವನ್‌ನಲ್ಲಿ 103 ಡಿಗ್ರಿಗೆ ತೂಕ ಇಳಿಯೋದು ನಿಲ್ಲುವವರೆಗೆ ಇಡಿ. 130 ಗ್ರಾಂ ಇದ್ದದ್ದು 100ಕ್ಕೆ ನಿಂತರೆ, 100 ಗ್ರಾಂ ಒಣ ಮರಕ್ಕೆ 30 ಗ್ರಾಂ ನೀರು, ಅಂದರೆ ತೇವ 30%.

ಗಿರಾಕಿಗೆ ಅವಸರ ಇದ್ದರೆ ಬೇರೆ ಅಡ್ಡೆಯಿಂದ ಒಣಗಿದ ಸಾಗವಾನಿ ಕೊಡಿಸಿ. ನಿಮ್ಮ ಮತ್ತಿ ಮಾತ್ರ ಅವರಿಗೆ ಈ ತಿಂಗಳು ಬೇಡ.