ಫ್ರೀಸ್ಟೈಲ್: ಬರೆದದ್ದೋ, ಆಶುವೋ?

ಹೆಸರಾಂತ ರ‍್ಯಾಪರ್‌ಗಳು ಫ್ರೀಸ್ಟೈಲನ್ನೂ (ನಿಂತಲ್ಲೇ ಹೊಸೆದು ಹಾಡೋದು ಅಂತ ನಾವಂದ್ಕೊಳ್ಳೋ ರ‍್ಯಾಪ್) ಮೊದಲೇ ಬರೆದುಕೊಂಡು ಬರ್ತಾರಾ ಅಂತ ಕೇಳಿದ್ದೀರಿ. ಎಷ್ಟೋ ಜನ ಹೌದು, ರೇಡಿಯೋ ಕಾರ್ಯಕ್ರಮಗಳಲ್ಲಂತೂ ಅದು ಮಾಮೂಲು. 1980ರ ದಶಕದ ನ್ಯೂಯಾರ್ಕ್‌ನಲ್ಲಿ ಅದೇನೂ ಮೋಸವಲ್ಲ. ಇಂಥದ್ದೇ ವಿಷಯ ಅಂತಿಲ್ಲದೆ ಬರೆದ ಸಾಲುಗಳನ್ನೇ ಫ್ರೀಸ್ಟೈಲ್ ಅಂತಿದ್ವಿ ಅಂತ ಆ ಕಾಲದ ರ‍್ಯಾಪರ್ ಬಿಗ್ ಡ್ಯಾಡಿ ಕೇನ್ ಹೇಳಿದ್ದಾರೆ. ಆಶುವಾಗಿದ್ದರೇ ಫ್ರೀಸ್ಟೈಲ್ ಅನ್ನೋ ಹಟ ಬಲವಾದದ್ದು ಆಮೇಲೆ.

ಹಾಗಂತ ಎಲ್ಲಾನೂ ನಾಟಕ ಅಂದ್ಕೋಬೇಡಿ. ಸೂಪರ್‌ನ್ಯಾಚುರಲ್ ಅನ್ನೋ ರ‍್ಯಾಪರ್ ಸಭಿಕರು ಎತ್ತಿ ತೋರಿಸಿದ ವಸ್ತುಗಳ ಮೇಲೆ ಅಲ್ಲೇ ಪ್ರಾಸ ಕಟ್ಟುತ್ತಿದ್ದರು. ಅದನ್ನ ಮನೇಲಿ ಬರೆದು ತರೋದಾದ್ರೂ ಹೇಗೆ?

ನೀವು ಕಲಿಯೋದಾದ್ರೆ ಸಾಲಿನ ಕೊನೆಯ ಪದವನ್ನೇ ಮೊದಲು ಹಿಡೀರಿ, ಉಳಿದದ್ದನ್ನು ಅದರತ್ತ ಓಡಿಸಿ. ಕನ್ನಡದಲ್ಲಿ ‘ಬರ್ತೀನಿ–ಹೋಗ್ತೀನಿ’ ಪ್ರಾಸ ಪುಕ್ಕಟೆ ಸಿಗುತ್ತೆ. ಎರಡೇ ನಿಮಿಷಕ್ಕೆ ಕೇಳೋರಿಗೆ ಬೇಜಾರೂ ಆಗುತ್ತೆ.